ಓದದೇ ಬಿಟ್ಟ ಸಾಲು

"ಇದ್ರಾಗ ಏನ್ ಬರ್ದೀರಿ ಅಂತ ಓದಿ ಹೇಳ್ರಿ."

ಪುತಳಾಬಾಯಿ ಮಡಿಚಿದ ಕಾಗದವನ್ನು ಮುನ್ಶಿಯ ಮೇಜಿನ ಮೇಲಿಟ್ಟಳು. ದನಿ ನಡುಗಲಿಲ್ಲ.

ಕಲಬುರಗಿಯ ಆ ಹೈದರಾಬಾದ್ ಸರಕಾರಿ ಕಚೇರಿಗೆ ಹೆಂಗಸರು ಬರುವುದೇ ಅಪರೂಪ. ಪಡಸಾಲೆಯಲ್ಲಿ ಕಾದು ಕುಳಿತಿದ್ದ ಗಂಡಸರೆಲ್ಲ ಮಾತು ನಿಲ್ಲಿಸಿ ಅವಳತ್ತ ತಿರುಗಿದರು.

ಕಾಗದಪತ್ರ ಬರೆಯುವ ಮುನ್ಶಿ ದೇವೀಂದ್ರಪ್ಪ ತಲೆ ಎತ್ತಿದ. ಮೂವತ್ತರೊಳಗಿನ ವಯಸ್ಸು. ತುಂಬಾ ಶಾಂತ ಕಣ್ಣುಗಳು... ಆ ಶಾಂತಿಯೇ ಅವಳಿಗೆ ಸಿಟ್ಟು ತರಿಸಿತು.

"ಕುಂದರ್ರಿ, ಬಾಯಿಯವ್ರ."

"ಕುಂದರಾಕ ಬಂದಿಲ್ಲ."

ಅವನು ಉರ್ದು ಕಾಗದವನ್ನು ಕನ್ನಡದಲ್ಲಿ ಮೆಲ್ಲಗೆ ಹೇಳಿದ. "ಬಸ್ರಾಕ್ಕ ಹೋಗಾಕ ರಹದಾರಿ ಕೇಳಿದ ಅರ್ಜಿ ನಾಮಂಜೂರ್. ಅಲ್ಲಿರೋ ಮನಷ್ಯಾ ಅರ್ಜಿದಾರಳ ಅಣ್ಣ ಅನ್ನೋದು ಕಮಲಾಪುರದ ವಿಚಾರಣೆಯೊಳಗ ಸಾಬೀತಾಗಿಲ್ಲ."

"ವಿಚಾರಣೆ ಮಾಡಿದವ್ರು ಯಾರು?"

"ನಾನ."

"ಮಾಪಣ್ಣ ನನ್ನ ಒಡಹುಟ್ಟಿದ ಅಣ್ಣ. ಅಲ್ಲ ಅಂತ ನಿಮಗ ಯಾರ್ ಹೇಳಿದ್ರು?"

ದೇವೀಂದ್ರಪ್ಪ ಕಣ್ಣು ಕೆಳಗೆ ಹಾಕಿದ.

'ಯಾರೋ ಇವನ ಕೈ ಬೆಚ್ಚಗ ಮಾಡ್ಯಾರ,' ಅಂದುಕೊಂಡಳು ಪುತಳಾ. 'ಇಲ್ಲಂದ್ರ ಕಣ್ಣು ಯಾಕ ತಪ್ಪಿಸ್ತಾನ?'

ಐದು ವರ್ಷದ ಹಿಂದೆ, ದೊಡ್ಡ ಯುದ್ಧದ ಕಾಲದಲ್ಲಿ, ಮಾಪಣ್ಣ ರೈಲು ಹಳಿ ಹಾಕುವ ಕೆಲಸಕ್ಕೆಂದು ಹಡಗು ಹತ್ತಿ ಅರಬರ ನಾಡಿನ ಬಸ್ರಾಕ್ಕೆ ಹೋದವನು. ಯುದ್ಧ ಮುಗಿದರೂ ಬರಲಿಲ್ಲ. ಈ ಬೇಸಿಗೆಯಲ್ಲಿ ಒಂದು ಕಾಗದ ಬಂತು, ಬೇರೆ ಯಾರದೋ ಕೈಬರಹದಲ್ಲಿ. ಎರಡೂ ಕಣ್ಣು ಹೋಗಿವೆ, ಒಬ್ಬನೇ ಬರಲಾಗದು, ದೀಪಾವಳಿ ಹೊತ್ತಿಗೆ ಈ ಆಸ್ಪತ್ರೆ ಮುಚ್ಚುತ್ತಾರೆ, ಆಮೇಲೆ ಎಲ್ಲಿಗೆ ಕಳಿಸುತ್ತಾರೋ ತಿಳಿಯದು ಎಂದು ಅದರಲ್ಲಿತ್ತು.

ಪುತಳಾ ಕಲಬುರಗಿಯ ಹೆಣ್ಣುಮಕ್ಕಳ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ದಾಯಿ. ತಂದೆ ಇಲ್ಲ. ಕಮಲಾಪುರದ ಬಾಳೆತೋಟದಲ್ಲಿ ತಾಯಿ ಅಂಬಮ್ಮ ಒಬ್ಬಳೇ. ಅಣ್ಣನನ್ನು ಕರೆತರಲು ಬೇರೆ ಯಾರಿದ್ದಾರೆ?

"ಬಾಯಿಯವ್ರ," ದೇವೀಂದ್ರಪ್ಪ ಕೇಳಿದ, "ಆ ಕಾಗದ ನಿಮ್ಮ ಅಣ್ಣಂದ ಅಂತ ನಿಮಗ ಹೆಂಗ ಗೊತ್ತು? ಇಂಥಾ ಕಾಗದ ತೋರಿಸಿ ಹೆಣ್ಣುಮಕ್ಕಳನ್ನ ಹಡಗು ಹತ್ತಿಸಿ ಮಾರೋ ಮಂದಿ ಅದಾರ."

"ನನ್ನ ಮ್ಯಾಲೆ ಸಂಶಯ ಏನು?"

"ನಿಮ್ಮ ಮ್ಯಾಲೆ ಅಲ್ರಿ. ಕಾಗದದ ಮ್ಯಾಲೆ." ಸ್ವಲ್ಪ ತಡೆದು ಹೇಳಿದ, "ಇನ್ನೊಮ್ಮೆ ಅರ್ಜಿ ಹಾಕ್ರಿ. ನಾನ ಬರ್ಕೊಡ್ತೀನಿ."

ಕೆಡಿಸಿದವನೇ ಕಟ್ಟಿಕೊಡುತ್ತಾನಂತೆ...

ಅವನು ಬರೆದ ಅರ್ಜಿಯನ್ನು ಪುತಳಾ ನೇರ ದವಾಖಾನೆಗೆ ಒಯ್ದು, ತನ್ನ ಜೊತೆ ಕೆಲಸ ಮಾಡುವ ರೋಷನಬಿಯಿಂದ ಎರಡು ಸಲ ಓದಿಸಿದಳು.

"ಎಲ್ಲಾ ಬರೋಬರ್ ಅದ," ಅಂದಳು ರೋಷನಬಿ. "ಛಂದ ಬರ್ದಾನ. ಹುಷಾರಿ ಮನಷ್ಯಾ."

"ಹುಷಾರಿ ಮಂದಿ ಮ್ಯಾಲೇ ನನಗ ಸಂಶಯ."

ಎರಡನೇ ಅರ್ಜಿ ಹೋಯಿತು. ಮಳೆಗಾಲ ಅರ್ಧ ಕಳೆಯಿತು. ಉತ್ತರವಿಲ್ಲ.

ಒಂದು ಶುಕ್ರವಾರ, ಸರಕಾರದ ವಾರದ ರಜೆಯ ದಿನ, ಪುತಳಾ ಹೇಳದೇ ಕಮಲಾಪುರಕ್ಕೆ ಹೋದಳು. ತೋಟದ ದಾರಿಯಲ್ಲಿ ಎದುರಿಗೆ ಬಂದವನನ್ನು ನೋಡಿ ಅವಳ ಕಾಲು ನಿಂತವು.

ದೇವೀಂದ್ರಪ್ಪ! ಅವನೂ ಬೆಚ್ಚಿದ. "ಶರಣ್ರಿ," ಎಂದಷ್ಟೇ ಹೇಳಿ, ಮುಂದೆ ನಡೆದುಬಿಟ್ಟ.

"ಎವ್ವಾ, ಆ ಮುನ್ಶಿ ಯಾಕ ಬಂದಿದ್ದ?"

"ಬಾಳಿಹಣ್ಣು ಕೊಳ್ಳಾಕ," ಅಂದಳು ಅಂಬಮ್ಮ, ಮಗಳ ಮುಖ ನೋಡದೆ.

ಪುತಳಾ ಹೊರಳಿ ನೋಡಿದಳು. ದೂರ ಹೋಗುತ್ತಿದ್ದವನ ಎರಡೂ ಕೈ ಖಾಲಿ.

'ಅವ್ವನ್ನ ಹೆದರಿಸಾಕತ್ತಾನ. ಇಲ್ಲಾ... ನನ್ನ ಲಗ್ನದ ಮಾತು ತಗದಾನೇನು? ನಾ ಹೋಗಬಾರ್ದಂತ ಅರ್ಜಿ ತಡದಾನೇನು?' ಆ ಯೋಚನೆಗೆ ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿಗೋ, ಬೇರೆ ಯಾವುದಕ್ಕೋ... ಅವಳಿಗೇ ತಿಳಿಯಲಿಲ್ಲ. ಅಷ್ಟು ದಿನ ಬೈಯುತ್ತಾ ಬೈಯುತ್ತಾ ಆ ಮುಖವನ್ನು ಅವಳು ದಿನಾ ನೆನೆದದ್ದಂತೂ ಖರೆ.

ಮೂರು ವಾರದ ಮೇಲೆ ಸ್ಟೇಶನ್ ಬಜಾರದಲ್ಲಿ ಟಪಾಲಿನ ಮೈಬೂಬ ಎದುರಾದ.

"ಬಸ್ರಾದ ಕಾಗದ ಬಂತಲ್ಲ ಬಾಯಿ, ಖುಷಿ ಆಯ್ತೇನು?"

"ನನಗ ಯಾವ ಕಾಗದ ಬಂದಿಲ್ಲ."

ಮೈಬೂಬ ತಬ್ಬಿಬ್ಬಾದ. "ಮುನ್ಶಿ ಸಾಹೇಬ್ರ ಹೆಸರಿಗಿತ್ತು. ಈಗ ಕೊಟ್ಟು ಬಂದೆ... ನಿಮಗ ಗೊತ್ತದ ಅಂದ್ಕೊಂಡೆ."

ಪುತಳಾ ಓಡಿದಂತೆಯೇ ಕಚೇರಿಗೆ ನಡೆದಳು. ದೇವೀಂದ್ರಪ್ಪ ಕಾಗದ ಹಿಡಿದು ಹೊರಗಿನ ಬೇವಿನ ಗಿಡದ ಕೆಳಗೆ ನಿಂತಿದ್ದ.

"ನನ್ನ ಅಣ್ಣನ ಕಾಗದ ನಿಮ್ಮ ಕೈಯಾಗ ಯಾಕದ?"

"ನಾನ ಆ ಆಸ್ಪತ್ರಿಗೆ ಬರದು, ಅಲ್ಲಿರೋ ಮನಷ್ಯಾನ್ನ ಕೇಳಿದ್ದೆ, ನೀವು ಖರೇನ ಮಾಪಣ್ಣ ಅದೀರೇನಂತ. ಅದಕ್ಕ ಉತ್ತರ ಬಂದದ. ನಿಮ್ಮ ಕಡೇನ ಹೊಂಟಿದ್ದೆ."

"ಓದ್ರಿ. ಈಗ. ನನ್ನ ಮುಂದ."

ಅವನು ಓದಿದ. ಪುತಳಾ ಸಣ್ಣಾಕಿದ್ದಾಗ ಬಾವಿಕಟ್ಟೆಯಿಂದ ಬಿದ್ದು ಹುಬ್ಬು ಸೀಳಿದ್ದು, ಅಣ್ಣ ಹೆಗಲ ಮೇಲೆ ಹೊತ್ತು ಓಡಿದ್ದು... ಎಲ್ಲ ಅದರಲ್ಲಿತ್ತು. ಪುತಳಾಳ ಕೈ ತಾನಾಗಿಯೇ ಹುಬ್ಬಿನ ಮೇಲಿನ ಗಾಯದ ಗುರುತಿಗೆ ಹೋಯಿತು. ಕಣ್ಣು ತುಂಬಿದವು. ಅಣ್ಣ ಬದುಕಿದ್ದಾನೆ.

ಹಠಾತ್ತನೆ ದೇವೀಂದ್ರಪ್ಪನ ದನಿ ತಡವರಿಸಿತು. ಕ್ಷಣ ಬಿಟ್ಟು ಮುಂದೆ ಓದಿದ.

"ನಿಂದರ್ರಿ. ನಡುವ ಏನೋ ಬಿಟ್ರಿ."

"ಇಲ್ರಿ..."

"ನನಗ ಉರ್ದು ಬರಂಗಿಲ್ಲ. ಮಂದಿ ಮುಖ ಓದಾಕ ಬರ್ತದ. ಕೊಡ್ರಿ ಅದನ್ನ."

ಅವನು ಕೊಡಲಿಲ್ಲ. ಅವಳು ಕಸಿದುಕೊಂಡಳು.

ದವಾಖಾನೆಯ ಹಿತ್ತಿಲಲ್ಲಿ ರೋಷನಬಿ ಆ ಸಾಲು ಮನಸ್ಸಿನಲ್ಲೇ ಓದಿ, ಕಾಗದ ಮಡಿಚಲು ಹೋದಳು. ಪುತಳಾ ಬಿಡದೆ ಗಟ್ಟಿಯಾಗಿ ಓದಿಸಿದಳು.

"'ಅವ್ವ ನಿಮ್ಮ ಮುಂದ, ನನಗ ಮಗ ಇಲ್ಲ, ಅಂವ ಸತ್ತಾನ ಅಂತ ಹೇಳ್ಯಾಳಂತ ಬರ್ದೀರಿ. ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಎರಡು ವರ್ಷದಾಗ ಬರ್ಲಿಲ್ಲಂದ್ರ ಸತ್ತೀನಂತ ತಿಳಕೋ ಅಂತ ನಾನ ಹೇಳಿ ಬಂದಿದ್ದೆ. ಆದ್ರ ಈ ಸಾಲು ಪುತಳಾನ ಮುಂದ ಓದಬ್ಯಾಡ್ರಿ. ತಾಯಿ ಮಗಳು ಒಂದ ಮನ್ಯಾಗ ಉಣ್ಣಬೇಕು.'"

ಅವ್ವ! ತನ್ನ ಅರ್ಜಿ ಕೆಡಿಸಿದ್ದು ಅವ್ವ!

ಮರುದಿನ ಕಮಲಾಪುರದಲ್ಲಿ ಅಂಬಮ್ಮ ಏನನ್ನೂ ಮುಚ್ಚಿಡಲಿಲ್ಲ. ಬಾಳೆಗಿಡದ ಬುಡದಲ್ಲಿ ಕುಸಿದು ಕುಳಿತಳು.

"ಹೌದವ್ವಾ, ನಾನ ಅಂದೆ. ಒಬ್ಬನ್ನ ಸಮುದ್ರ ನುಂಗ್ತು. ಉಳದಾಕಿನ್ನೂ ನಾನ ಕೈಯಾರ ಅದಕ್ಕ ಹಾಕ್ಲಿ ಏನು? ಅಂದ ದಿನದಿಂದ ನನಗ ಕೂಳು ಸೇರಿಲ್ಲ. ಹೆತ್ತ ಮಗನ್ನ ಸತ್ತಾನ ಅಂದ ಬಾಯಿ ಇದು."

"ಮುನ್ಶಿ?"

"ಮಗಳಿಗಿ ಹೇಳಬ್ಯಾಡಪ್ಪಾ ಅಂತ ಆವತ್ತ ಕೈ ಮುಗದೆ. ಹೇಳಂಗಿಲ್ಲ ಅಂದ. ಆ ಶುಕ್ರವಾರ ಮತ್ತ ಬಂದಿದ್ದ, 'ಈಗರೆ ಖರೇ ಹೇಳ್ರಿ ಅವ್ವಾ, ನಿಮ್ಮ ಮಗಳು ಒಳಗೊಳಗ ಸುಡಾಕತ್ತಾಳ' ಅಂತ. ನನಗ ಧೈರ್ಯ ಬರ್ಲಿಲ್ಲ."

ಪುತಳಾಳಿಗೆ ತಾಯಿಯನ್ನು ಬೈಯಬೇಕೆನಿಸಿತು. ಆಗಲಿಲ್ಲ. ಪಕ್ಕದಲ್ಲಿ ಕುಳಿತು ಕಾಗದದ ಆ ಸಾಲನ್ನು ನೆನಪಿನಿಂದ ಹೇಳಿದಳು. 'ಆಕಿ ಮ್ಯಾಲೆ ನನಗ ಸಿಟ್ಟಿಲ್ಲ' ಎಂಬಲ್ಲಿಗೆ ಅಂಬಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಎದ್ದು ನಿಂತಳು.

"ನಡಿ, ಕಲಬುರ್ಗಿಗಿ."

ಕಚೇರಿಯಲ್ಲಿ ಅಂಬಮ್ಮ ತನ್ನ ಹೊಸ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. "ಮಾಪಣ್ಣ ನನ್ನ ಮಗ. ಅಂವ ಜೀವಂತ ಅದಾನ. ಮತ್ತ ಅರ್ಜಿಯಾಗ ಎರಡು ಹೆಸರು ಬರೀರಿ ಮುನ್ಶಿಯವ್ರ. ನಾನೂ ಹೋಗ್ತೀನಿ."

ದೇವೀಂದ್ರಪ್ಪನ ಲೇಖನಿ ನಿಂತಿತು. "ಅವ್ವಾ, ಹಡಗಿನಾಗ ಭಾಳ ದಿನ ಇರಬೇಕು."

"ಮಗಳನ್ನ ಕಳಿಸಿ ಮನ್ಯಾಗ ಕುಂತು ಸಾಯೋದಕಿಂತ ಆಕಿ ಕೂಡ ಹೋಗೋದು ಹಗರ."

ಅಂಬಮ್ಮ ರಹದಾರಿಯ ಫೋಟೋ ತೆಗೆಸಲು, ಜೊತೆಗೆ ಬಂದಿದ್ದ ರೋಷನಬಿಯನ್ನು ಕರೆದುಕೊಂಡು ಹೋದಾಗ ಪುತಳಾ ಒಬ್ಬಳೇ ಮೇಜಿನ ಮುಂದೆ ಉಳಿದಳು.

"ನಾ ನಿಮ್ಮನ್ನ ಲಂಚ ತಿಂದಾಂವ ಅಂದ್ಕೊಂಡೆ. ಕಾಗದ ಕದ್ದಾಂವ ಅಂದ್ಕೊಂಡೆ. ಸುಮ್ಮನ ಯಾಕ ಅನಸ್ಕೊಂಡ್ರಿ?"

"ನನ್ನ ಮ್ಯಾಲೆ ಸಿಟ್ಟಾದ್ರ ಬೈದು ಮನಿಗಿ ಹೋಗ್ತೀರಿ. ಅವ್ವನ ಮ್ಯಾಲೆ ಸಿಟ್ಟಾದ್ರ ಎಲ್ಲಿಗಿ ಹೋಗ್ತೀರಿ?"

ಪುತಳಾ ತಾನು ಕಸಿದೊಯ್ದಿದ್ದ ಕಾಗದವನ್ನು ಅವನ ಮುಂದೆ ಇಟ್ಟಳು.

"ಇನ್ನೊಂದು ಮಾತು ಅದ," ಅವನು ಮೇಜು ನೋಡುತ್ತಾ ಹೇಳಿದ. "ನೀವು ಹೋಗಬಾರ್ದು ಅಂತ ನನ್ನ ಮನಸ್ಸಿಗೂ ಅನಸ್ತು. ಅದಕ್ಕ ವರದಿನ ಮೂರು ಸಲ ಓದಿ ನೋಡೀನಿ, ಆ ಆಸೆ ಎಲ್ಲೆರೆ ಅದ್ರಾಗ ಸೇರೇದೇನೋ ಅಂತ. ಸೇರಿಲ್ಲ."

ತನ್ನನ್ನು ತಾನೇ ಸಂಶಯದಿಂದ ನೋಡಿಕೊಂಡ ಗಂಡಸನ್ನು ಪುತಳಾ ಮೊದಲ ಸಲ ನೋಡಿದ್ದಳು. ಮೊದಲ ದಿನ ತಾನು ಒಲ್ಲೆನೆಂದಿದ್ದ ಕುರ್ಚಿಯ ಮೇಲೆ ಈಗ ಕುಳಿತಳು.

ದಸರೆಯ ಮುಂಚೆ ಹೈದರಾಬಾದಿನಿಂದ ಮಂಜೂರಿ ಬಂತು. ತಾಯಿ ಮಗಳು ಮುಂಬಯಿ ಗಾಡಿ ಹತ್ತಿದರು.

ಅವರು ತಿರುಗಿ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮಧ್ಯಾಹ್ನದ ಬಿಸಿಲಲ್ಲಿ ಕಲಬುರಗಿ ಸ್ಟೇಶನ್ನಿನಲ್ಲಿ ಗಾಡಿ ನಿಂತಿತು. ಮೊದಲು ಅಂಬಮ್ಮ ಇಳಿದಳು, ಆಮೇಲೆ ಅವಳ ಹೆಗಲು ಹಿಡಿದ ಮಾಪಣ್ಣ, ಹಿಂದೆ ಪುತಳಾ. ದೇವೀಂದ್ರಪ್ಪ ಓಡಿ ಬಂದು ಅವನ ಇನ್ನೊಂದು ಕೈ ಹಿಡಿದ.

"ಮುನ್ಶಿಯವ್ರೇನು?" ಮಾಪಣ್ಣ ನಕ್ಕ. "ಹಡಗಿನಾಗ ನನ್ನ ತಂಗಿಗಿ ಒಂದ ಚಿಂತಿ. ಅಷ್ಟರಾಗ ಅವರ ಮನ್ಯಾಗ ಬ್ಯಾರೆ ಹೆಣ್ಣು ಗೊತ್ತು ಮಾಡಿರ್ತಾರೋ ಏನೋ ಅಂತ."

"ಅಣ್ಣಾ..." ಪುತಳಾ ನಾಚಿ ಹಿಂದೆ ಸರಿದಳು.

ಅಂಬಮ್ಮ ಮಗನನ್ನು ಮೆಲ್ಲಗೆ ಟಾಂಗಾದ ಕಡೆ ನಡೆಸಿದಳು, ಬೇಕೆಂದೇ ನಿಧಾನವಾಗಿ.

"ಮಾಡ್ಯಾರೇನು?" ಪುತಳಾ ಕೇಳಿದಳು. ಇನ್ನೂ ಸಂಶಯವೇ.

"ತೋರಿಸಿದ್ರು. ನಾ ಒಲ್ಲೆ ಅಂದೆ."

"ಯಾಕ?"

"ಅವ್ವನ ಕೂಡ ಮಾತಾಡಿ ಹೇಳ್ತೀನಿ."

"ಅವ್ವನ ಕೂಡ ಆಮ್ಯಾಲೆ. ಮೊದ್ಲ ನನ್ನ ಕೂಡ ಮಾತಾಡ್ರಿ."

ದೇವೀಂದ್ರಪ್ಪ ಅವಳನ್ನು ನೇರವಾಗಿ ನೋಡಿದ. "ನನ್ನ ಲಗ್ನ ಆಗ್ತೀರೇನು, ಪುತಳಾ?"

ಅವಳು ಅವನ ಮುಖವನ್ನೇ ಬಹಳ ಹೊತ್ತು ನೋಡಿದಳು.

"ಹೂಂ," ಅಂದಳು. "ಆಗ್ತೀನಿ."