ಹರ್ಕಮಾನ ಹೊತ್ತು ತಂದ ಕಲ್ಲು

ಮೋಡಗಳು ಮನೆಯಂಗಳಕ್ಕಿಳಿದು ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ನೇಪಾಳದ ಹಿಮದ ಬೆಟ್ಟಗಳ ಕೆಳಗೆ ಸೇತಗಢವೆಂಬ ರಾಜ್ಯವಿತ್ತು. ಅಲ್ಲಿ ವರ್ಷಕ್ಕೊಮ್ಮೆ ತಿಹಾರ್ ಹಬ್ಬ. ಮೊದಲ ದಿನ ಕಾಗೆಗೆ ಎಡೆ, ಮರುದಿನ ನಾಯಿಗೆ ಹೂಮಾಲೆ, ಆಮೇಲೆ ಹಸುವಿಗೆ ಪೂಜೆ. ಕೊನೆಯ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಹಣೆಗೆ ಬಣ್ಣಬಣ್ಣದ ತಿಲಕವಿಟ್ಟು, ಯಮ ಇತ್ತ ಸುಳಿಯದಿರಲಿ ಎಂದು ಹರಸುವರು.

ಅಲ್ಲಿನ ಅರಸನ ಅಂಗರಕ್ಷಕ ಹರ್ಕಮಾನ. ಚೆಲುವ, ಕತ್ತಿವರಸೆಯಲ್ಲಿ ಗಟ್ಟಿಗ. ತಾನು ದೊಡ್ಡ ಮನೆತನದವನೆಂದು ಎಲ್ಲರನ್ನೂ ನಂಬಿಸಿದ್ದ. ನಿಜಕ್ಕೂ ಅವನು ತಬ್ಬಲಿ. ಬೆಟ್ಟದಾಚೆಯ ಗುಡಿಸಲಿನಲ್ಲಿ ಅಕ್ಕ ಸನಮಾಯಾ ಕಂಡವರ ಮನೆಯ ಮುಸುರೆ ತಿಕ್ಕಿ ಅವನನ್ನು ಸಾಕಿದ್ದಳು.

ಒಂದು ವರ್ಷ ತಿಲಕದ ದಿನ ಬೆಳಿಗ್ಗೆ ಸನಮಾಯಾ ಅರಮನೆಗೇ ಬಂದಳು. ಹರಿದ ಸೀರೆ, ಒಡೆದ ಹಿಮ್ಮಡಿ, ಕಂಕುಳಲ್ಲಿ ಬುಟ್ಟಿ. ತುಂಬಿದ ಸಭೆಯಲ್ಲಿ ಅರಸ, ಈಕೆ ಯಾರೆಂದು ಕೇಳಿದ. ಹರ್ಕಮಾನನ ಕಿವಿ ಬಿಸಿಯಾಯಿತು.

"ನಮ್ಮ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದವಳು, ಪ್ರಭು."

ಸನಮಾಯಾ ಒಂದು ಗಳಿಗೆ ತಮ್ಮನನ್ನು ನೋಡಿದಳು. "ಹೌದು ಮಹಾಪ್ರಭು, ಇವರ ಮನೆಯ ಮುಸುರೆ ತಿಕ್ಕಿದವಳೇ ನಾನು" ಎಂದು ಕೈಮುಗಿದು ಹೊರಟುಹೋದಳು.

ಸಭೆಯವರ ಜೊತೆ ಊಟಕ್ಕೆ ಕೂತ ಹರ್ಕಮಾನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅಷ್ಟರಲ್ಲಿ ಕುರಿಗಾಹಿಯೊಬ್ಬ ಸುದ್ದಿ ತಂದ. ಹಿಮದ ಗವಿಯ ಮಾಂತ್ರಿಕ ಧೂಮಕೇಶ ಬುಟ್ಟಿ ಹೊತ್ತ ಹೆಂಗಸೊಬ್ಬಳನ್ನು ಹಿಡಿದೊಯ್ದನಂತೆ. ಮನೆಯವರೇ ತಮ್ಮವಳಲ್ಲ ಎಂದ ಹೆಂಗಸರನ್ನು ಕಲ್ಲು ಮಾಡುವುದು ಅವನ ವಿದ್ಯೆ. ಸಭೆಯವರು ಪಾಪ ಎಂದರು. ಹರ್ಕಮಾನ ಎದ್ದು ಓಡಿದ.

ಕಣಿವೆಯ ತೂಗುಸೇತುವೆಯ ಮೇಲೆ ಆಳೆತ್ತರದ ಕಾಗೆ ಕೂತಿತ್ತು. ಯಾರನ್ನು ಹುಡುಕುತ್ತೀ ಎಂದಿತು. ಒಬ್ಬ ಹೆಂಗಸನ್ನು ಎಂದ. ಸೇತುವೆಯ ಹಲಗೆಗಳು ಉದುರಿದವು. ನಮ್ಮೂರಿನವಳನ್ನು ಎಂದ. ಇನ್ನಷ್ಟು ಉದುರಿದವು. ನನ್ನ ಅಕ್ಕನನ್ನು ಎಂದಾಗ ಹಲಗೆಗಳೆಲ್ಲ ಹಾರಿಬಂದು ಮೊದಲಿನಂತೆ ಕೂತವು.

ಮುಂದೆ ದಾರಿಗಡ್ಡ ಬೆಂಕಿಗಣ್ಣಿನ ನಾಯಿ. ಕತ್ತಿ ಬೀಸಿದರೆ ಕತ್ತಿ ಮೇಣದಂತೆ ಬಾಗಿತು. ಸಭೆಯಲ್ಲಿ ಅವಳನ್ನು ಏನೆಂದೆಯೋ ಅದನ್ನೇ ಮತ್ತೆ ಹೇಳು ಎಂದಿತು ನಾಯಿ. ಹೇಳುವಾಗ ಅವನ ನಾಲಿಗೆ ತೊದಲಿತು. ನಾಯಿ ದಾರಿ ಬಿಟ್ಟಿತು, ಬಾಲ ಮಾತ್ರ ಅಲ್ಲಾಡಿಸಲಿಲ್ಲ.

ಗವಿಯ ಬಾಗಿಲಲ್ಲಿ ಬಿಳಿ ಹಸು ಮಲಗಿತ್ತು. ನಿನ್ನ ಆ ಮಾತಿಗೆ ಅವಳೇನಂದಳು ಎಂದು ಮೆಲ್ಲಗೆ ಕೇಳಿತು.

"ನನ್ನ ಮಾನ ಉಳಿಸಿದಳು" ಎಂದ ಹರ್ಕಮಾನ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. ಹಸು ಎದ್ದು ಬದಿಗೆ ಸರಿಯಿತು.

ಗವಿಯ ತುಂಬ ಹೆಂಗಸರ ಆಕಾರದ ಕಲ್ಲುಗಳು. ಬುಟ್ಟಿ ಹಿಡಿದ ಕಲ್ಲನ್ನು ತಬ್ಬಿಕೊಂಡು ಅವನು, ಇವಳು ನನ್ನ ಅಕ್ಕ, ಬಿಟ್ಟುಬಿಡು ಎಂದು ಬೇಡಿದ. ಒಳಗೆ ಕೂತಿದ್ದ ಧೂಮಕೇಶ ನಕ್ಕ.

"ಯಾರೂ ಕೇಳದ ಕಡೆ ಎಲ್ಲರೂ ಹೀಗೇ ಅನ್ನುತ್ತಾರೆ. ಎಲ್ಲಿ ಅಲ್ಲವೆಂದೆಯೋ ಅಲ್ಲಿಗೆ ಹೊತ್ತೊಯ್ದು ಹೌದೆನ್ನು. ಈವರೆಗೆ ಒಬ್ಬನೂ ಹೊತ್ತಿಲ್ಲ. ಒಬ್ಬನೇ ಒಬ್ಬ ಹೊತ್ತರೆ ಅಂದಿಗೆ ನನ್ನ ಆಟ ಮುಗಿಯಿತು."

ಹರ್ಕಮಾನ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಇಳಿದ. ಜರಿಯಂಗಿ ಹರಿಯಿತು, ಮಂಡಿ ಒಡೆಯಿತು. ಕಲ್ಲಿಗಿಂತ ಮುಂದೆ ಕಾದಿದ್ದ ಸಭೆಯೇ ಭಾರವೆನಿಸಿತು. ಕೋಟೆ ಬಾಗಿಲಲ್ಲಿ ಅವನ ಕಾಲು ಒಮ್ಮೆ ಹಿಂದೆಗೆಯಿತು. ಆದರೂ ದೀಪ ಹಚ್ಚುವ ಹೊತ್ತಿಗೆ ಸಭೆಯ ನಡುವೆ ಕಲ್ಲನ್ನಿಳಿಸಿ ನಿಂತ.

"ಪ್ರಭು, ಬೆಳಿಗ್ಗೆ ಸುಳ್ಳು ಹೇಳಿದೆ. ನಾನು ಯಾವ ದೊಡ್ಡ ಮನೆಯವನೂ ಅಲ್ಲ. ಇವಳು ನನ್ನ ಒಡಹುಟ್ಟಿದ ಅಕ್ಕ. ಕಂಡವರ ಮುಸುರೆ ತಿಕ್ಕಿ ನನ್ನ ಹೊಟ್ಟೆ ತುಂಬಿಸಿದವಳು."

ಯಾರೋ ನಕ್ಕರು. ಆ ನಗೆ ಮುಗಿಯುವ ಮೊದಲೇ ಕಲ್ಲು ಉಸಿರಾಡಿತು, ಸನಮಾಯಾ ಕಣ್ಣು ತೆರೆದಳು. ಅತ್ತ ಬೆಟ್ಟದಲ್ಲಿ ಧೂಮಕೇಶ ಹೊಗೆಯಾಗಿ ಹೋದ. ಕಲ್ಲಾಗಿದ್ದವರೆಲ್ಲ ಮೈಕೊಡವಿಕೊಂಡು ಎದ್ದು ಬೆಟ್ಟ ಇಳಿದರು.

ಅರಸ ತಾನೇ ಮಣೆ ಹಾಕಿಸಿದ. ಅಕ್ಕನ ಮುಂದೆ ಕೂತ ಹರ್ಕಮಾನ ನೆಲ ನೋಡುತ್ತಲೇ ಇದ್ದ.

"ತಲೆ ಎತ್ತು ತಮ್ಮಾ, ಹಣೆ ಕಾಣಿಸುತ್ತಿಲ್ಲ" ಎಂದಳು ಸನಮಾಯಾ.

ಅವನಿಂದಾಗಲಿಲ್ಲ. ಅವಳೇ ಗದ್ದ ಹಿಡಿದೆತ್ತಿ ತಿಲಕವಿಟ್ಟಳು.

ಆಮೇಲೆ ಸೇತಗಢದಲ್ಲಿ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು. ಹರ್ಕಮಾನನೂ ಬಾಳಿದ. ಆದರೆ ಪ್ರತಿ ತಿಹಾರ್‌ನಲ್ಲೂ ಅವನ ಗದ್ದವನ್ನು ಅಕ್ಕನೇ ಎತ್ತಬೇಕಾಗುತ್ತಿತ್ತು.