ಹದಿನೇಳನೆಯ ಬಾಟಲಿ

“ನಿಮ್ಮ ಕಂಪನಿ ಯಾವಾಗ ಮುಚ್ಚತೈತ್ರಿ?”

ನವನಗರದ ಆ ಪುಟ್ಟ ಲ್ಯಾಬಿಗೆ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ವಾಣಿಶ್ರೀ ಕೇಳಿದ ಮೊದಲ ಪ್ರಶ್ನೆಯೇ ಇದು. ಛೇ... ಯಾರಾದರೂ ಹೀಗೆ ಕೇಳುತ್ತಾರಾ?

ಎದುರಿಗಿದ್ದವನು ವಿನೀತ, ಕಂಪನಿ ಕಟ್ಟಿದವನು. ಕೈಯಲ್ಲಿದ್ದ ಹಾಲಿನ ಬಾಟಲಿಯನ್ನು ಸಾವಕಾಶವಾಗಿ ಕೆಳಗಿಟ್ಟ. ಕೈಗವಸು ಬಿಚ್ಚಿದ. ಆಮೇಲೆ ಅವಳನ್ನು ನೋಡಿದ.

ಬೈಯುತ್ತಾನೆ, ಅಂದುಕೊಂಡಳು.

“ಎಂಟು ತಿಂಗಳಿಗ್ರಿ,” ಅಂದ. “ಎರಡನೇ ಕಂತ ಬರಲಿಲ್ಲಂದ್ರ ಎಂಟ ತಿಂಗಳು. ಇದನ್ನ ಯಾರೂ ಕೇಳಿದ್ದಿಲ್ಲ ನೋಡ್ರಿ. ಎಲ್ಲಾರೂ ಯಾವಾಗ ದೊಡ್ಡದಾಗತೈತಿ ಅಂತನ ಕೇಳ್ತಾರ.”

ಅವಳು ವಹಿಯಲ್ಲಿ ‘ಎಂಟು’ ಎಂದು ಬರೆದಳು. ಇಷ್ಟು ವರ್ಷಗಳಲ್ಲಿ ಎಷ್ಟೋ ಕಂಪನಿಗಳವರನ್ನು ಅವಳು ನೋಡಿದ್ದಳು. ಮುಚ್ಚುವ ದಿನವನ್ನು ಹೇಳಿದವನು ಇವನೊಬ್ಬನೇ.

ಅಲ್ಲಿಂದಲೇ ಶುರುವಾಯಿತೇನೋ... ಅವಳಿಗೂ ಸರಿಯಾಗಿ ಗೊತ್ತಿಲ್ಲ.

ವಾಣಿಶ್ರೀ ಧಾರವಾಡದಲ್ಲಿ ಬಯೋಟೆಕ್ನಾಲಜಿ ಎಂ.ಎಸ್ಸಿ. ಮುಗಿಸಿದವಳು. ಲ್ಯಾಬಿನ ಕೆಲಸ ಸಿಗದೆ, ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಶಾಂತಯ್ಯನವರ ಆಫೀಸು ಸೇರಿದ್ದಳು. ಶಾಂತಯ್ಯ ಹಳೆಯ ಹತ್ತಿ ವ್ಯಾಪಾರಿ. ಅವರೂ ಇನ್ನು ನಾಲ್ವರು ವ್ಯಾಪಾರಿಗಳೂ ಸೇರಿ ಹೊಸ ಕಂಪನಿಗಳಲ್ಲಿ ಹಣ ಹೂಡುತ್ತಿದ್ದರು. ಹೂಡುವ ಮೊದಲು ಕಂಪನಿಯನ್ನು ಒರೆಗೆ ಹಚ್ಚಿ ನೋಡುವುದು ಅವಳ ಕೆಲಸ.

ವಿನೀತ ಮಾಡುತ್ತಿದ್ದದ್ದು ಒಂದು ಕಾಗದದ ಪಟ್ಟಿ. ಎಮ್ಮೆಯ ಹಾಲಿನಲ್ಲಿ ಅದ್ದಿದರೆ, ಕೆಚ್ಚಲು ಬಾವು ಕಣ್ಣಿಗೆ ಕಾಣುವ ನಾಲ್ಕು ದಿನ ಮೊದಲೇ ಪಟ್ಟಿ ನೀಲಿಯಾಗಬೇಕು. ಆ ನಾಲ್ಕು ದಿನದಲ್ಲೇ ಕಂಪನಿಯ ಬೆಲೆ ಎಲ್ಲ ಇತ್ತು. ಬಾವು ಬಂದ ಮೇಲೆ ನೀಲಿಯಾದರೆ ಯಾರೂ ಕೊಳ್ಳುವುದಿಲ್ಲ. ಅಷ್ಟೊತ್ತಿಗೆ ಎಮ್ಮೆಯೇ ಒದ್ದು ಹೇಳಿರುತ್ತದೆ.

ಶಾಂತಯ್ಯನವರಿಗೆ ಈ ವ್ಯವಹಾರ ತಿಳಿಹೇಳಲು ಅವಳಿಗೆ ಒಂದು ವಾರ ಹಿಡಿಯಿತು. ಹತ್ತಿಯಾದರೆ ಬೆಳಿಗ್ಗೆ ಕೊಂಡು ಸಂಜೆ ಮಾರಬಹುದು. ಇಲ್ಲಿ ಏಳೆಂಟು ವರ್ಷ ಮಾರುವುದಕ್ಕೆ ಏನೂ ಇರುವುದಿಲ್ಲ. ಹಣ ಕೊಟ್ಟು ನಾವು ಕೊಳ್ಳುವುದು ಒಂದು ಪ್ರಶ್ನೆಯನ್ನು ಮಾತ್ರ. ಒಂದು ಪರೀಕ್ಷೆ ಮುಗಿದು ಉತ್ತರ ಬಂದರೆ ಮುಂದಿನ ಕಂತು. ಹತ್ತರಲ್ಲಿ ಒಂಬತ್ತು ಸಲ ಉತ್ತರ ‘ಇಲ್ಲ’ ಎಂದೇ ಬರುತ್ತದೆ.

“ಹಂಗಾದ್ರ ಇದು ಓಸಿ ಜೂಜಾಟ ಆತಲ್ಲವಾ,” ಅಂದಿದ್ದರು ಶಾಂತಯ್ಯ.

“ಅಲ್ರಿ ಕಾಕಾ. ಓಸಿಯೊಳಗ ಕಡೀತನಕಾ ಏನೂ ತಿಳಿಯಂಗಿಲ್ಲ. ಇಲ್ಲಿ ಕೆಟ್ಟ ಸುದ್ದಿ ಲಗೂ ತಿಳದ್ರ ಉಳದ ರೊಕ್ಕರ ಉಳೀತಾವ.”

ಕೆಟ್ಟ ಸುದ್ದಿಯನ್ನು ಬೇಗ ತಿಳಿಯುವುದು... ಅದರಲ್ಲಿ ಅವಳು ಹುಟ್ಟಿನಿಂದಲೇ ಪಳಗಿದವಳು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದಳು. ಬಸ್ಸು ಹತ್ತಿದ ಮೇಲೂ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಬೆವರುತ್ತಿದ್ದಳು. ಕಮರಿಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ತಿರುಗಿ ಹೋಗಿ ನೋಡಿ ಬಾ ಎಂದು ಹೇಳಲು ಬೇರೆ ಯಾರೂ ಇರಲಿಲ್ಲ.

ಕಾಗದಪತ್ರ ನೋಡಿಯೇ ಕೊಟ್ಟ ಮೊದಲ ಕಂತು ಆಗಲೇ ವಿನೀತನ ಕೈ ಸೇರಿತ್ತು. ಎರಡನೆಯದು ಅರವತ್ತು ಎಮ್ಮೆಗಳ ಪರೀಕ್ಷೆಯ ಮೇಲೆ ನಿಂತಿತ್ತು. ಧಾರವಾಡದ ಗೌಳಿಗಳ ಓಣಿಯಲ್ಲಿ ಹಾಲು ಸಂಗ್ರಹಿಸಬೇಕು. ಪ್ರತಿ ಬಾಟಲಿಯ ಅರ್ಧ ಹಾಲಿಗೆ ಪಟ್ಟಿ ಅದ್ದಬೇಕು. ಉಳಿದರ್ಧ ಪಶುವೈದ್ಯರ ಲ್ಯಾಬಿಗೆ ಹೋಗಬೇಕು. ಎರಡೂ ಕಡೆ ಒಂದೇ ಉತ್ತರ ಬಂದರೆ ಗೆದ್ದಂತೆ.

ಮುಂಜಾನೆ ಆರಕ್ಕೆ ಇಬ್ಬರೂ ಓಣಿಯಲ್ಲಿರುತ್ತಿದ್ದರು. ಹೊಸಬರು ಕೊಟ್ಟಿಗೆಯೊಳಗೆ ಬಂದರೆ ಎಮ್ಮೆ ಹಾಲು ಇಳಿಸುವುದಿಲ್ಲ ಎಂದು ಅಲ್ಲಿಯ ಹೆಂಗಸರು ಇವರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದರು. ಬಾಟಲಿ ಒಳಗೆ ಹೋಗುತ್ತಿತ್ತು, ತುಂಬಿ ಹೊರಗೆ ಬರುತ್ತಿತ್ತು. ಅವರಲ್ಲಿ ಹಿರಿಯಳು ಹೊಳೆವ್ವ. ವಿನೀತನೆಂದರೆ ಅವಳಿಗೆ ಜೀವ. ನಮ್ಮ ಹುಡುಗನ ಕಾಗದ ಇವತ್ತ ಏನ ಬಣ್ಣಾ ತೋರಿಸ್ತವಾ ಎಂದು ದಿನಾ ಕೇಳುವಳು. ಇವರಿಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಇಟ್ಟು, ಏನೂ ತಿಳಿಯದವಳಂತೆ ಮುಖ ತಿರುಗಿಸುವಳು.

ಒಂದು ದಿನ ಬಸ್ಸಿನಲ್ಲಿ ವಾಣಿಶ್ರೀ ಸುಮ್ಮನೆ ಬೆವರುತ್ತ ಕುಳಿತಿದ್ದಳು. ಏನಾಯಿತೆಂದು ವಿನೀತ ಕೇಳಿದ. ನಾಚಿಕೊಂಡೇ ಗ್ಯಾಸಿನ ವಿಷಯ ಹೇಳಿದಳು. ಅವನು ನಗಲಿಲ್ಲ. ಮರುದಿನ ಅವಳು ಮನೆ ಬಿಡುವ ಹೊತ್ತಿಗೆ ಸರಿಯಾಗಿ ಫೋನು ಬಂತು.

“ಗ್ಯಾಸ್ ಬಂದ್ ಮಾಡೀರಿ?”

“ಮಾಡೇನ್ರಿ.”

“ಹಂಗಾದ್ರ ಬರ್ರಿ.”

ಅಂದಿನಿಂದ ದಿನಾಲೂ ಅದೇ ಕರೆ, ಅದೇ ಮೂರು ಮಾತು. ಅವಳ ಬದುಕಿನಲ್ಲಿ ಅಷ್ಟು ನಿರಾಳವಾದ ಐದು ತಿಂಗಳು ಹಿಂದೆ ಇರಲಿಲ್ಲ.

ಅರವತ್ತು ಬಾಟಲಿಗಳ ಫಲಿತಾಂಶ ಬಂತು. ಐವತ್ತೊಂಬತ್ತು ಸರಿ!

ವಿನೀತ ಲ್ಯಾಬಿನ ನೆಲದ ಮೇಲೆ ಕುಳಿತುಬಿಟ್ಟ. ಏಳು ವರ್ಷ ಸುಮ್ಮನೆ ಹೋಗಲಿಲ್ಲ ಎಂದಷ್ಟೇ ಹೇಳಿದ. ಶುಕ್ರವಾರ ಶಾಂತಯ್ಯನವರ ಆಫೀಸಿನಲ್ಲಿ ಎರಡನೇ ಕಂತಿನ ಸಹಿ ಎಂದು ನಿಗದಿಯಾಯಿತು.

ಆದರೆ ಅವಳಿಗೆ ನಂಬಿಕೆ ಬರಲಿಲ್ಲ. ಇಷ್ಟು ಒಳ್ಳೆಯದು... ಹೀಗೆ ಆಗುತ್ತದಾ?

ಸೋಮವಾರ ಒಬ್ಬಳೇ ಓಣಿಗೆ ಹೋದಳು. ಹೊಳೆವ್ವನ ಅಂಗಳದಲ್ಲಿ ಒಂದು ಎಮ್ಮೆ ಹಿಂಗಾಲು ಅಗಲಿಸಿ ನಿಂತಿತ್ತು. ಕೆಚ್ಚಲು ಕೆಂಪಾಗಿ ಕಲ್ಲಿನಂತಾಗಿತ್ತು. ಕಿವಿಯ ಬಿಲ್ಲೆಯಲ್ಲಿ ಹದಿನೇಳು.

ಹದಿನೇಳನೆಯ ಬಾಟಲಿ ನಾಲ್ಕು ದಿನದ ಹಿಂದಿನದು. ಪಟ್ಟಿ ಬೆಳ್ಳಗೆ ಉಳಿದಿತ್ತು. ವೈದ್ಯರ ಲ್ಯಾಬೂ ಹಾಲು ಚೊಕ್ಕ ಎಂದಿತ್ತು.

ಆ ದಿನ ಬಾಟಲಿ ಯಾವ ಎಮ್ಮೆಯದು ಎಂದು ಮೆಲ್ಲಗೆ ಕೇಳಿದಳು. ಹೊಳೆವ್ವ ಸೆರಗಿನ ಅಂಚು ಹೊಸೆದಳು.

“ಇದರ ಮ್ಯಾಲ ನನಗ ಆವತ್ತ ಅನುಮಾನ ಇತ್ತವಾ. ಅನುಮಾನದ ಹಾಲು ಹೊರಗಿನವ್ರ ಕೈಯಾಗ ಕೊಟ್ರ ನಾಳೆ ಡೇರಿಯವ್ರು ನಮ್ಮ ಮನಿ ಹಾಲ ಮುಟ್ಟತಾರೇನು? ಅದಕ್ಕ ಬಾಜೂ ಎಮ್ಮೀದ ತುಂಬಿ ಕೊಟ್ಟೆ. ಎಲ್ಲಾರೂ ಹಂಗ ಮಾಡೇವಿ.” ಆಮೇಲೆ ದನಿ ತಗ್ಗಿಸಿ ಸೇರಿಸಿದಳು, “ಹುಡುಗನ ಕಾಗದಾನೂ ಕೆಡಬಾರದಿತ್ತಲ್ಲ.”

ವಾಣಿಶ್ರೀಗೆ ಈಗ ಅರ್ಥವಾಯಿತು. ಯಾವ ಎಮ್ಮೆಗಳಿಗಾಗಿ ಪಟ್ಟಿ ಹುಟ್ಟಿತ್ತೋ, ಅವುಗಳ ಒಂದು ಹನಿ ಹಾಲೂ ಪಟ್ಟಿಯನ್ನು ತಲುಪಿರಲಿಲ್ಲ. ಬಾಟಲಿಗೆ ಬಂದದ್ದು ಡೇರಿಗೂ ಗೊತ್ತಿದ್ದ ಖಾತ್ರಿ ಬಾವಿನ ಹಾಲು, ಇಲ್ಲವೇ ಖಾತ್ರಿ ಚೊಕ್ಕ ಹಾಲು, ಅಷ್ಟೇ. ಐದು ತಿಂಗಳು ಆ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಅನುಮಾನಿಸುವ ಅವಳು, ಇದೊಂದನ್ನು ಕೇಳಿರಲಿಲ್ಲ. ರೊಟ್ಟಿಯ ತಾಟು ನೋಡುತ್ತಿದ್ದಳು. ಅವನನ್ನು ನೋಡುತ್ತಿದ್ದಳು.

ಹೊಳೆವ್ವನ ಕೈಕಾಲು ಹಿಡಿದು, ಅನುಮಾನವಿದ್ದ ಎಂಟು ಎಮ್ಮೆಗಳ ಹಾಲನ್ನು ತನ್ನ ಕಣ್ಣೆದುರೇ ಹಿಂಡಿಸಿಕೊಂಡಳು. ಗುರುವಾರ ಸಂಜೆ ವೈದ್ಯರ ಉತ್ತರ ಬಂತು. ಏಳರಲ್ಲಿ ರೋಗ ಶುರುವಾಗಿತ್ತು. ಪಟ್ಟಿ ನೀಲಿಯಾದದ್ದು ಒಂದಕ್ಕೆ.

ಅದೇ ಹೊತ್ತಿಗೆ ವಿನೀತನ ಫೋನು ಬಂತು. ನಾಳೆಯ ಸಂಭ್ರಮಕ್ಕೆ ನಿದ್ದೆ ಬರುವುದಿಲ್ಲ, ಸುಮ್ಮನೆ ಮಾಡಿದೆ ಎಂದ. ನಗುತ್ತಲೇ ಕೇಳಿದ, “ಗ್ಯಾಸ್ ಬಂದ್ ಮಾಡೀರಿ?”

“ಮಾಡೇನ್ರಿ,” ಅಂದಳು.

ಬೇರೆ ಏನನ್ನೂ ಹೇಳಲಿಲ್ಲ.

ಶುಕ್ರವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅವಳು ಶಾಂತಯ್ಯನವರ ಮುಂದೆ ಒಂದೇ ಒಂದು ಹಾಳೆ ಇಟ್ಟಳು. ಅವರು ಓದಿ ಕನ್ನಡಕ ತೆಗೆದರು. ಮಾರುವವನು ಎಳೆದುಕೊಟ್ಟ ಹಿಡಿ ಹತ್ತಿಯನ್ನು ಅವರು ಎಂದೂ ಮುಟ್ಟಿದವರಲ್ಲ. ಹತ್ತಿ ತುಂಬಿದ ಅಂಡಿಗೆಯೊಳಗೆ ಮೊಣಕೈವರೆಗೆ ತಮ್ಮ ಕೈಯನ್ನೇ ತೂರಿಸಿ ಎಳೆಯುವವರು.

“ನಾವೂ ಅವ್ರು ಎಳದು ಕೊಟ್ಟ ಹಿಡಿ ನೋಡಿ ಮಾಲ ತಗೊಳ್ಳಾಕ ಹೊಂಟಿದ್ವಿ,” ಅಂದರು. ಸಿಟ್ಟಿರಲಿಲ್ಲ, ದಣಿವಿತ್ತು.

ವಿನೀತ ಹಾಳೆಯನ್ನು ಎರಡು ಸಲ ಓದಿದ. ಆಮೇಲೆ ಅವಳ ಕಡೆ ತಿರುಗಿದ.

“ನಿನ್ನೆ ನಾ ಫೋನ್ ಮಾಡಿದಾಗ... ನಿಮಗ ಗೊತ್ತಿತ್ತು?”

“ಗೊತ್ತಿತ್ತು.”

ಅವನು ತಲೆಯಾಡಿಸಿ ಎದ್ದು ಹೋದ.

ಮರುದಿನ ಮುಂಜಾನೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಮೂರು ಸಲ ಕರೆ ಮಾಡಿದಳು, ಅವನು ಎತ್ತಲಿಲ್ಲ. ನನ್ನ ಪಕ್ಕದಲ್ಲೇ ಕುಳಿತು ರೊಟ್ಟಿ ತಿಂದು, ನನಗೇ ಗೊತ್ತಿಲ್ಲದಂತೆ ನನ್ನ ಕತ್ತು ಕೊಯ್ದಳು ಎಂದು ಅವನು ಅಂದುಕೊಂಡಿರಬೇಕು. ಅವಳು ಮತ್ತೆ ಬೀಗವನ್ನು ಮೂರು ಸಲ ಎಳೆಯತೊಡಗಿದಳು. ಆಮೇಲೆ ಐದು ಸಲ.

ಒಂದೂವರೆ ತಿಂಗಳ ಮೇಲೆ ಒಂದು ಮುಂಜಾನೆ ಶಾಂತಯ್ಯ ಫೋನು ಮಾಡಿ ಸುದ್ದಿ ಹೇಳಿದರು. ವಿನೀತ ಉಳಿದ ಹಣವನ್ನು ಮರಳಿಸಿದ್ದನಂತೆ. ಇವತ್ತೇ ಲ್ಯಾಬು ಮುಚ್ಚುತ್ತಾನಂತೆ. ಎಂಟು ತಿಂಗಳಿಗೆ ಇನ್ನೂ ಒಂದು ತಿಂಗಳು ಬಾಕಿ ಇತ್ತು. ಹೇಳಿದ ದಿನಕ್ಕಿಂತ ಮೊದಲೇ ಮುಚ್ಚುತ್ತಿದ್ದ.

ಅವಳು ಲ್ಯಾಬಿನ ಬಾಗಿಲಿಗೆ ಬಂದಾಗ ಫ್ರಿಜ್ಜು, ಮೇಜು ಎಲ್ಲ ಹೋಗಿದ್ದವು. ಗೋಡೆಯ ಮೇಲೆ ಅವು ಇದ್ದ ಜಾಗದ ಗುರುತು ಮಾತ್ರ. ವಿನೀತ ನೆಲದ ಮೇಲೆ ಕುಳಿತು ಉಳಿದ ಪಟ್ಟಿಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದ. ಅವನ ಮುಂಗೈ ಮೇಲೆ ಒಂದು ಹಸಿ ಗಾಯವಿತ್ತು.

“ಎಮ್ಮಿ ಒದೀತು,” ಎಂದ ಅವಳ ನೋಟ ಕಂಡು. “ನಲವತ್ತ ಎಮ್ಮಿ, ನಾನ ಕುಂತ ಹಿಂಡಿದೆ. ಹೊಳೆವ್ವ ಒಳಗ ಬಿಟ್ಲು. ನಿಮ್ಮ ಹಾಳಿ ತಪ್ಪು ಅಂತ ನಾ ತೋರಿಸಬೇಕಿತ್ತು.”

“ಏನ ಬಂತ್ರಿ?”

“ನೀವ ಬರದದ್ದ ಬಂತು.”

ಅವಳು ಅವನೆದುರು ಕುಳಿತಳು. ಹೇಳಬೇಕಾದ ಮಾತುಗಳನ್ನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಾಗಲಿಲ್ಲ.

“ನಿಮಗ ಮೊದಲ ಹೇಳಿದ್ರ, ಒಂದ ವಾರ ತಡೀರಿ ಅಂತಿದ್ರಿ. ನಾ ತಡೀತಿದ್ದೆ. ಆಮ್ಯಾಲ ಇನ್ನೊಂದ ವಾರ. ನೀವು ಕೇಳಿದ್ರ ಸುಳ್ಳನ್ನೂ ಬರೀತಿದ್ದೆ ನಾ... ಅಷ್ಟು... ಅದಕ್ಕ ನಿಮಗ ಹೇಳಲಿಲ್ಲ.”

ಅಷ್ಟು... ಎಂದಲ್ಲಿ ನಿಂತ ಮಾತನ್ನು ಅವಳು ಪೂರ್ತಿ ಮಾಡಲಿಲ್ಲ. ಅವನೂ ಕೇಳಲಿಲ್ಲ. ಕೈಯಲ್ಲಿದ್ದ ಬಿಳಿ ಪಟ್ಟಿಯನ್ನು ಡಬ್ಬಿಗೆ ಹಾಕಿದ.

ಸೋಮವಾರದಿಂದ ಒಂದು ಡೇರಿಯಲ್ಲಿ ಹಾಲು ಪರೀಕ್ಷಿಸುವ ಕೆಲಸ ಎಂದ. ಪಟ್ಟಿ ಇನ್ನು ಆಗುವುದಿಲ್ಲ ಎಂದ. ಹದಿನೇಳನೆಯ ಎಮ್ಮೆಯ ಎರಡು ಮೊಲೆ ಬತ್ತಿಹೋದವು ಎಂದ. ಸುಳ್ಳು ಸಮಾಧಾನ ಅವಳಿಗೆ ಬರುತ್ತಿರಲಿಲ್ಲ. ಇಬ್ಬರೂ ಸೇರಿ ಪಟ್ಟಿಗಳನ್ನು ತುಂಬಿದರು. ಡಬ್ಬಿ ತುಂಬಿತು.

ಅವನು ಬಾಗಿಲೆಳೆದು ಬೀಗ ಹಾಕಿದ. ಒಂದು ಸಲ ಎಳೆದು ನೋಡಿದ. ಅವಳ ಕಡೆ ತಿರುಗಿ, ಅವಳಿಗಾಗಿ ಎಂಬಂತೆ, ಇನ್ನೆರಡು ಸಲ ಎಳೆದ.

ರಸ್ತೆಯ ತನಕ ನಡೆದರು. ಬಸ್ ನಿಲ್ದಾಣದ ಹತ್ತಿರ ಅವನು ನಿಂತ.

“ಗ್ಯಾಸ್ ಬಂದ್ ಮಾಡೀರಿ?”

ಅವಳ ಕಣ್ಣು ತುಂಬಿ ಬಂತು. ಮುಂಜಾನೆ ಸುದ್ದಿ ಕೇಳಿದವಳು ಚಪ್ಪಲಿ ಮೆಟ್ಟಿದ್ದೊಂದೇ ನೆನಪಿತ್ತು.

“ಗೊತ್ತಿಲ್ರಿ. ಇವತ್ತ ನೋಡದ ಬಂದೇನಿ.”

ವಿನೀತ ರಟ್ಟಿನ ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಗಾಯವಾದ ಕೈಯನ್ನು ಅವಳ ಕಡೆ ಚಾಚಿದ.

“ಹಂಗಾದ್ರ ನಡೀ ವಾಣಿ. ಇಬ್ಬರೂ ಹೋಗಿ ನೋಡೂಣು.”