ಸದಾಶಿವಯ್ಯನವರ ಸಿಗರೇಟು ಕಾರ್ಡುಗಳು

ತೋಂಟದಾರ್ಯ ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಹೊಸ ಜಮಖಾನ ಹಾಸಿಯಾಗಿತ್ತು. ಎದುರಿಗೆ ಸ್ಟೀಲು ತಟ್ಟೆ. ಅದರಲ್ಲಿ ಬಿಸಿ ಉಪ್ಪಿಟ್ಟು, ತುಪ್ಪ ಒಸರುವ ಕೇಸರಿಬಾತು. ಒಂದು ಹಳೆಯ ಆಲ್ಬಮ್ ನೋಡಲು ಬಂದವನಿಗೆ ಇಷ್ಟು ಉಪಚಾರವೇ ಎಂದು ಅವನಿಗೆ ಸಂಕೋಚವಾಯಿತು.

"ಬಿಸಿಲಲ್ಲಿ ಆಯಾಸ ಆಯ್ತೇನೋಪ್ಪ?" ಮನೆಯ ಹಿರಿಯಾಕೆ ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ಕೇಳಿದರು.

"ಇಲ್ಲಮ್ಮ, ತುರುವೇಕೆರೆಯಿಂದ ಸೀಟು ಸಿಕ್ತು. ತೋರಿಸಿಬಿಟ್ರೆ ನೋಡ್ಕೊಂಡು ಮೂರು ಗಂಟೆ ಬಸ್ಸಿಗೆ ಹೊರಡ್ತೀನಿ."

"ನೋಡೀವಂತೆ, ಅವಸರ ಯಾಕೆ? ಮೊದ್ಲು ತಿನ್ನು."

"ಅಲ್ಲ, ನಮ್ಮ ದೊಡ್ಡಪ್ಪ ಹೇಳಿ ಕಳ್ಸಿದಾರೆ. ಹಳೇದಾದಷ್ಟೂ ಒಳ್ಳೇದಂತೆ."

ದ್ರಾಕ್ಷಾಯಣಮ್ಮನ ಮುಖ ಚಿಕ್ಕದಾಯಿತು. "ಅಂಥಾ ವಯಸ್ಸೇನೂ ಆಗಿಲ್ಲ ಕಣಪ್ಪ. ಈ ಶ್ರಾವಣಕ್ಕೆ ಇಪ್ಪತ್ಮೂರು ತುಂಬುತ್ತೆ."

"ಇಪ್ಪತ್ಮೂರೇನಾ?" ತೋಂಟದಾರ್ಯನಿಗೆ ನಿರಾಸೆ. "ಐವತ್ತು ವರ್ಷದ್ದು ಅಂತ ಬರೆದಿದ್ರಲ್ಲ!"

ಅಡುಗೆಮನೆಯ ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗು ತಡೆಯಲು ಹೋಗಿ ಕೆಮ್ಮು ಬಂತು, ಕೆಮ್ಮಿನ ಜೊತೆಗೆ ಬಳೆ ಸದ್ದೂ ಬಂತು. ಮರುಕ್ಷಣ ಗಿಳಿಹಸಿರು ಸೀರೆಯುಟ್ಟ ಹುಡುಗಿಯೊಬ್ಬಳು ಹೊರಗೆ ಬಂದಳು. ಕೈಯಲ್ಲಿ ಕಾಫಿ ಇರಲಿಲ್ಲ, ಕಂದು ರಟ್ಟಿನ ಆಲ್ಬಮ್ ಇತ್ತು.

"ಅಮ್ಮಾ, ಇವ್ರು ನೋಡೋಕೆ ಬಂದಿರೋದು ನನ್ನಲ್ಲ. ಇದನ್ನ."

ಹಿಂದಿನ ದಿನ ತೋಂಟದಾರ್ಯ ಬಸ್ಸಿನ ಕಂಡಕ್ಟರನ ಕೈಯಲ್ಲಿ, ಸದಾಶಿವಯ್ಯನವರ ಮನೆಗೆ ಕಾರ್ಡು ನೋಡೋಕೆ ಬರುತ್ತೇನೆಂದು ಹೇಳಿಕಳಿಸಿದ್ದ. ಕಂಡಕ್ಟರ್ ಅದನ್ನು ನೊಣವಿನಕೆರೆ ಬಸ್‌ಸ್ಟಾಂಡಿನ ಹೂವಿನ ನಿಂಗಮ್ಮನಿಗೆ ಹೇಳಿದ್ದ. ನಿಂಗಮ್ಮ ದ್ರಾಕ್ಷಾಯಣಮ್ಮನಿಗೆ ಹೇಳುವ ಹೊತ್ತಿಗೆ ನಡುವಿನ ಕಾರ್ಡು ಎಲ್ಲೋ ಉದುರಿಹೋಗಿ, ನೋಡೋಕೆ ಬರುವ ಹುಡುಗನೊಬ್ಬನೇ ಉಳಿದಿದ್ದ.

ತೋಂಟದಾರ್ಯ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿದ. ಹುಡುಗಿ ಅವನನ್ನೇ ನೋಡುತ್ತಿದ್ದಳು. ತುಟಿ ಬಿಗಿಹಿಡಿದಿದ್ದಳು, ಆದರೆ ಕಣ್ಣು ಇನ್ನೂ ನಗುತ್ತಿತ್ತು.

"ಹಂಗಾದ್ರೆ ಬೆಳಿಗ್ಗೆಯಿಂದ ನಾನು ಮಾಡಿದ್ದು?" ದ್ರಾಕ್ಷಾಯಣಮ್ಮ ಕೇಳಿದರು.

"ತಿನ್ಲಿ ಬುಡಮ್ಮ. ಕಾರ್ಡು ನೋಡೋಕೆ ಬಂದವ್ರಿಗೂ ಹೊಟ್ಟೆ ಇರುತ್ತೆ."

ಅವಳೇ ಗಿರಿಜಾಂಬಿಕಾ.

ಅದು ಎಂಬತ್ತನಾಲ್ಕರ ಬೇಸಿಗೆ. ಹಿಂದಿನ ವರ್ಷ ನಮ್ಮವರು ವರ್ಲ್ಡ್ ಕಪ್ ಗೆದ್ದಾಗಿನಿಂದ ತಿಪಟೂರು ಸೀಮೆಯ ಹುಡುಗರೆಲ್ಲ ತೆಂಗಿನ ಹೆಡೆಮಟ್ಟೆಯನ್ನೇ ಬ್ಯಾಟು ಮಾಡಿಕೊಂಡು ತೋಟದಲ್ಲಿ ಆಡುತ್ತಿದ್ದ ಕಾಲ. ಆದರೆ ಗಿರಿಜೆಯ ಮನೆಗೆ ಕ್ರಿಕೆಟ್ ಬಂದು ಐವತ್ತು ವರ್ಷವಾಗಿತ್ತು. ಅವಳ ತಂದೆ ಸದಾಶಿವಯ್ಯ ಹುಡುಗನಾಗಿದ್ದಾಗ ಬೆಂಗಳೂರು ದಂಡಿನಲ್ಲಿ ಓದುತ್ತ, ಇಂಗ್ಲಿಷರ ಕ್ಲಬ್ಬೊಂದರಲ್ಲಿ ಸಂಜೆ ಗುಮಾಸ್ತನ ಕೆಲಸ ಮಾಡುತ್ತಿದ್ದರು. ಆಗ ವಿಲಾಯತಿ ಸಿಗರೇಟಿನ ಪ್ಯಾಕಿನಲ್ಲಿ ಒಂದೊಂದು ಚಿತ್ರದ ಕಾರ್ಡು ಬರುತ್ತಿತ್ತು. ಮುಂದೆ ಬಣ್ಣದ ಕ್ರಿಕೆಟ್ ಆಟಗಾರ, ಹಿಂದೆ ಅವನ ಆಟದ ವಿವರ. ಸಾಹೇಬರು ಸಿಗರೇಟು ಸೇದಿ ಕಾರ್ಡು ಬಿಸಾಡುವರು. ಬೀಡಿಯನ್ನೂ ಮುಟ್ಟದ ಸದಾಶಿವಯ್ಯ ಅದನ್ನು ಆರಿಸಿ ತಂದು, ಒರೆಸಿ, ಆಲ್ಬಮಿನಲ್ಲಿ ಸಿಕ್ಕಿಸುವರು. ಮದುವೆಯಾಗಿ ಬಂದ ದ್ರಾಕ್ಷಾಯಣಮ್ಮ, ಹೊಗೆಸೊಪ್ಪಿನ ವಾಸನೆ ಎಂದು ಅದನ್ನು ದೇವರ ಕೋಣೆಯ ಹತ್ತಿರಕ್ಕೂ ಬಿಡಲಿಲ್ಲ.

ಊರಿಗೆ ಮರಳಿ ತೆಂಗಿನ ತೋಟ ನೋಡಿಕೊಂಡ ಸದಾಶಿವಯ್ಯ, ಮಗಳಿಗೆ ಇಂಗ್ಲಿಷ್ ಕಲಿಸಿದ್ದೇ ಆ ಕಾರ್ಡುಗಳಿಂದ. ಸಂಜೆ ಜಗುಲಿಯ ಮೇಲೆ ಕೂತು ಒಂದೊಂದೇ ತೆಗೆದು ಓದಿಸುವರು. ಅವಳಿಗೆ ತಿಳಿಯದ ಮಾತಿನ ಮೇಲೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, ಪೆನ್ಸಿಲಿನಿಂದ ಕನ್ನಡ ಅರ್ಥ ಬರೆಯುವರು. ಕೊನೆಗೆ ಹಾಸಿಗೆ ಹಿಡಿದಾಗ ಆಲ್ಬಮನ್ನು ಅವಳ ಮಡಿಲಿಗಿಟ್ಟು, "ಇದು ನಿಂದು ಕಣಮ್ಮ" ಎಂದಿದ್ದರು.

"ಹಾಗಿದ್ದೂ ಮಾರ್ತಿದೀರಾ?" ಆ ದಿನ ತೋಂಟದಾರ್ಯ ಕೇಳಿದ.

"ಕೊಳ್ಳೋಕೆ ಬಂದವ್ರು ಹೀಗೆಲ್ಲಾ ಕೇಳ್ಬಾರ್ದು ಕಣ್ರೀ. ವ್ಯಾಪಾರ ಕೆಡುತ್ತೆ."

"ಕೊಳ್ಳೋದು ನಾನಲ್ಲ, ನಮ್ಮ ದೊಡ್ಡಪ್ಪ."

ದೊಡ್ಡಪ್ಪ ಮರುಳಸಿದ್ದಯ್ಯ ಬೆಂಗಳೂರಿನಲ್ಲಿ ರಿಟೈರಾದ ಎಂಜಿನಿಯರು. ಹಳೆಯ ಕಾರ್ಡು ಕೊಳ್ಳುತ್ತೇನೆಂದು ಪೇಪರಿನಲ್ಲಿ ಹಾಕಿಸಿದ್ದವರು ಅವರೇ. ಗಿರಿಜೆಯ ಉತ್ತರ ನೋಡಿ, ತುರುವೇಕೆರೆಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ತಮ್ಮನ ಮಗನಿಗೆ, ಹೋಗಿ ಪರೀಕ್ಷೆ ಮಾಡಿ ಬಾ ಎಂದಿದ್ದರು.

ಒಂದು ಮಧ್ಯಾಹ್ನದಲ್ಲಿ ಮುಗಿಯಬೇಕಾಗಿದ್ದ ಪರೀಕ್ಷೆ ಮುಗಿಯಲಿಲ್ಲ.

ಮುಂದಿನ ಭಾನುವಾರ ಬಂದು ಅವನು, ಹಿಂದಿನ ಸಲ ಒಂದೆರಡು ಕಾರ್ಡಿನ ಮೂಲೆ ಸರಿಯಾಗಿ ನೋಡಲಿಲ್ಲ ಎಂದ. ಅದರ ಮುಂದಿನ ಭಾನುವಾರ ಬಣ್ಣ ಮಾಸಿದೆಯೇ ಎಂದು ಬೆಳಕಿನಲ್ಲಿ ನೋಡಬೇಕಾಯಿತು. ಬೆಳಕು ಚೆನ್ನಾಗಿರುವುದು ತೋಟದಲ್ಲಿ ಎಂದು ಗಿರಿಜೆಯೇ ಹೇಳಿದಳು.

ತೆಂಗಿನ ಗರಿಗಳ ನೆರಳು ಕಾರ್ಡಿನ ಮೇಲೆ, ಅವಳ ಕೈಯ ಮೇಲೆ ಬಾಚಣಿಗೆಯ ಹಾಗೆ ಬಿದ್ದು ಅಲುಗುತ್ತಿತ್ತು. ಬಿಳಿ ಪ್ಯಾಂಟಿನ, ಗಿರಿಜಾ ಮೀಸೆಯ ಒಬ್ಬ ಆಟಗಾರನನ್ನು ಅವಳು ಎತ್ತಿ ಹಿಡಿದಳು.

"ಚಿಕ್ಕೋಳಿದ್ದಾಗ ಇವ್ನನ್ನೇ ಮದ್ವೆ ಆಗ್ತೀನಿ ಅಂತ ಹಟ ಮಾಡಿದ್ನಂತೆ."

ತೋಂಟದಾರ್ಯ ಕಾರ್ಡನ್ನು ತಿರುಗಿಸಿ ನೋಡಿದ. "ಇವ್ನಿಗೆ ನಮ್ಮ ತಾತನ ವಯಸ್ಸು."

"ಹಳೇದಾದಷ್ಟೂ ಒಳ್ಳೇದು ಅಂದಿದ್ರಿ?"

ಅವನು ತಲೆ ತಗ್ಗಿಸಿ ನಕ್ಕ. ನಕ್ಕಾಗ ಅವನ ಕಿವಿ ಕೆಂಪಾಗುವುದನ್ನು ಗಿರಿಜೆ ಆಗ ಕಂಡಳು. ಕಂಡಮೇಲೆ, ಮತ್ತೆ ಮತ್ತೆ ಕೆಂಪಾಗಿಸಬೇಕೆನಿಸಿತು.

ದ್ರಾಕ್ಷಾಯಣಮ್ಮ ಹಿತ್ತಿಲ ಬಾಗಿಲಿಂದ ಕೂಗುವರು: "ಕಾರ್ಡು ನೋಡಿದ್ದು ಆಯ್ತೇನಪ್ಪ, ಇನ್ನೂ ಐತೋ?"

"ಇನ್ನೂ ಸ್ವಲ್ಪ ಇದೆ ಅಮ್ಮಾ."

"ನೋಡ್ಕಳಪ್ಪ, ನಿಧಾನಕ್ಕೆ ನೋಡ್ಕ." ಅವರ ದನಿಯಲ್ಲಿ ಈಗ ಬೇಸರವಿರಲಿಲ್ಲ.

ಟೆಸ್ಟ್ ಮ್ಯಾಚಿನ ಕಾಮೆಂಟರಿಯನ್ನು ಅಪ್ಪ ಹೇಗೆ ಕೇಳುತ್ತಿದ್ದರೆಂದು ಗಿರಿಜೆ ಹೇಳುವಳು. ಅಟ್ಟದ ಮೇಲೆ ಕೊಬ್ಬರಿಗೆ ಹಾಕಿದ ಕಾಯಿಯ ರಾಶಿ, ಅದರ ಕೆಳಗೆ ರೇಡಿಯೊ, ಒಬ್ಬ ಔಟಾದರೆ ಅಪ್ಪನಿಗೆ ಅವತ್ತಿನ ಊಟ ಸೇರದು. ತೋಂಟದಾರ್ಯ ತನ್ನ ಕಾಲೇಜು ಟೀಮಿನ ಕಥೆ ಹೇಳುವನು. ತಾನು ಒಂದು ರನ್ನೂ ಹೊಡೆಯದೆ ಔಟಾದ ಮ್ಯಾಚುಗಳನ್ನೇ ಹೆಚ್ಚು ಹೇಳುವನು. ಅವಳಿಗೆ ಅದೇ ಇಷ್ಟವಾಯಿತು.

ಜೂನ್ ಬಂತು. ಮೊದಲ ಮಳೆ ಬಿದ್ದು ತೋಟದ ಮಣ್ಣು ಕಪ್ಪಾಗಿತ್ತು. ಆ ಭಾನುವಾರ ಗಿರಿಜೆ ಆಲ್ಬಮ್ ತೆರೆಯಲಿಲ್ಲ.

"ನಿಮ್ಮ ದೊಡ್ಡಪ್ಪ ಯಾವಾಗ ಬರ್ತಾರೆ? ಮೈಸೂರಲ್ಲಿ ನಂಗೆ ಬಿ.ಎಡ್. ಸೀಟು ಸಿಕ್ಕಿದೆ. ಮುಂದಿನ ತಿಂಗಳು ಸೇರ್ಬೇಕು."

ಅವನು ಮೊದಲ ಸಲ ಆ ಮಾತು ಕೇಳಿದ್ದು. ಓದುವುದು ಸಾಕು, ಇನ್ನು ಮದುವೆ ಎಂದು ಅಣ್ಣ ಬಸವರಾಜಪ್ಪ ಹಟ ಹಿಡಿದಿದ್ದಾನೆ. ಹಾಸ್ಟೆಲಿಗೆ ಕೊಬ್ಬರಿ ದುಡ್ಡು ಕೊಡುವುದಿಲ್ಲ ಎಂದಿದ್ದಾನೆ. ಅದಕ್ಕೇ ಈ ಮಾರಾಟ. ಗಿರಿಜೆ ಅಳದೆ, ದೂರದೆ ಹೇಳಿದಳು.

ತೋಂಟದಾರ್ಯ, "ಮಾರಬೇಡಿ" ಎಂದ. "ನನ್ನ ಹತ್ರ ಸ್ವಲ್ಪ ಉಳಿತಾಯ ಇದೆ. ಇಲ್ಲಾಂದ್ರೆ... ಮುಂದಿನ ವರ್ಷ ಸೇರಬಹುದಲ್ಲ."

ಗಿರಿಜೆ ಅವನನ್ನು ನೇರವಾಗಿ ನೋಡಿದಳು.

"ಕಾರ್ಡು ಉಳಿಸ್ಬೇಕು ಅಂತ ಹೇಳ್ತಿದೀರೋ, ನನ್ನನ್ನ ಉಳಿಸ್ಕೋಬೇಕು ಅಂತಾನೋ?"

ಅವನ ಕಿವಿ ಕೆಂಪಾಯಿತು. ಅವಳಿಗೆ ಈ ಸಲ ನಗು ಬರಲಿಲ್ಲ.

"ಹೇಳ್ಬೇಡಿ," ಎಂದಳು ಅವಸರವಾಗಿ. "ನೀವು ಬಾಯಿಬಿಟ್ಟು ಹೇಳಿದ್ರೆ ನಾನು ನಿಂತುಬಿಡ್ತೀನಿ. ನಿಂತ್ರೆ ಒಂದಿನ ನಿಮ್ಮ ಮೇಲೇ ಕೋಪ ಬರುತ್ತೆ. ನನಗೆ ಅದು ಬೇಡ. ದೊಡ್ಡಪ್ಪನ್ನ ಕರ್ಕೊಂಡ್ಬನ್ನಿ."

ಮೂರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಅವನು ಎದ್ದು ಹೋದ. ಅವಳು ತೋಟದಲ್ಲೇ ಕೂತು, ಬಸ್ಸಿನ ಹಾರನ್ ಕೇಳುವ ತನಕ ಒಳಗೆ ಬರಲಿಲ್ಲ.

ಮುಂದಿನ ಭಾನುವಾರ ಅವನು ಬರುತ್ತಾನೋ ಇಲ್ಲವೋ ಎಂದು ಅವಳಿಗೆ ಅನುಮಾನವಿತ್ತು. ಬಂದ, ದೊಡ್ಡಪ್ಪನ ಜೊತೆಗೆ. ಮರುಳಸಿದ್ದಯ್ಯ ಕೋಟು ಬಿಚ್ಚದೆ, ಹಣೆಯ ವಿಭೂತಿ ಬೆವರಿಗೆ ಕರಗಿದರೂ ಗಮನಿಸದೆ, ಭೂತಗನ್ನಡಿ ಹಿಡಿದು ಕೂತರು. ಮುಂಭಾಗ ನೋಡಿ ಕಣ್ಣರಳಿಸಿದರು. ಹಿಂಭಾಗ ನೋಡಿ ಮುಖ ಕಿವುಚಿದರು.

"ಅಯ್ಯೋ, ಯಾರಮ್ಮ ಇದರ ಮೇಲೆಲ್ಲಾ ಗೀಚಿರೋದು?"

ಬಾಗಿಲಲ್ಲಿ ನಿಂತಿದ್ದ ಬಸವರಾಜಪ್ಪ, "ನಮ್ಮಪ್ಪ" ಎಂದ.

"ಹೀಗಿದ್ರೆ ಅರ್ಧ ಬೆಲೆಯೂ ಬರಲ್ಲ. ಪೆನ್ಸಿಲ್ ತಾನೆ, ರಬ್ಬರಲ್ಲಿ ಅಳಿಸಿದ್ರೆ ಹೋಗುತ್ತೆ. ಅಳಿಸಿದ್ರೆ ಪೂರ್ತಿ ಬೆಲೆ ಕೊಡ್ತೀನಿ."

"ದೊಡ್ಡಪ್ಪ, ಅಳಿಸೋದು ಬೇಡ," ತೋಂಟದಾರ್ಯನ ದನಿ ಏರಿತ್ತು. "ಅದು ಅವರ..."

"ಅಳಿಸ್ತೀನಿ," ಎಂದಳು ಗಿರಿಜೆ.

ಒಳಗೆ ಹೋಗಿ ರಬ್ಬರ್ ತಂದಳು. ಜಮಖಾನದ ಮೇಲೆ ಕೂತು ಮೊದಲ ಕಾರ್ಡನ್ನು ಬೋರಲು ಹಾಕಿದಳು. "ನಂಗೆ ಬರಲಿ ಅಂತ ಅಪ್ಪ ಬರೆದ್ರು. ಈಗ ಬರುತ್ತೆ. ನೀವು ಇಂಗ್ಲಿಷ್ ಓದಿ, ನಾನು ಅರ್ಥ ಹೇಳಿ ಅಳಿಸ್ತೀನಿ. ಒಂದು ಸಲ ಹೇಳಿಕೊಂಡು ಬಿಟ್ಕೊಡ್ತೀನಿ."

ತೋಂಟದಾರ್ಯ ಅವಳ ಎದುರಿಗೆ ಕೂತ. ಕಾರ್ಡು ಅಲುಗದಂತೆ ಅದರ ಅಂಚು ಹಿಡಿದುಕೊಂಡ.

"ಡಿಫೆನ್ಸ್."

"ಕಾಪಾಡಿಕೊಳ್ಳುವುದು." ಅಳಿಸಿದಳು.

"ಸ್ಟೆಡಿ."

"ಅಲುಗದೆ ಇರುವ." ಅಳಿಸಿದಳು. ರಬ್ಬರಿನ ಪುಡಿಯನ್ನು ಅವನು ಮೆಲ್ಲಗೆ ಊದಿದ.

"ಪೇಷನ್ಸ್."

"ತಾಳ್ಮೆ." ಅಳಿಸಿದಳು. ದ್ರಾಕ್ಷಾಯಣಮ್ಮ ಕಂಬಕ್ಕೊರಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎಷ್ಟೋ ಸಂಜೆ ಜಗುಲಿಯಿಂದ ಕೇಳುತ್ತಿದ್ದ ಅದೇ ಪಾಠ. ಒಂದು ದನಿ ಮಾತ್ರ ಬೇರೆಯದು.

ಮುಂದಿನ ಕಾರ್ಡು ತೋಂಟದಾರ್ಯ ಕೂಡಲೇ ಓದಲಿಲ್ಲ.

"ಓದಿ," ಎಂದಳು.

"ಪಾರ್ಟ್‌ನರ್."

ಗಿರಿಜೆ ತಲೆಯೆತ್ತಿದಳು. ಅವನ ಕಣ್ಣು ಇಷ್ಟು ಹತ್ತಿರದಲ್ಲಿ ಅವಳು ಎಂದೂ ನೋಡಿರಲಿಲ್ಲ. ಅದರಲ್ಲಿ ನೀರಿತ್ತು.

"ಜೊತೆಗಾರ," ಎಂದಳು.

ರಬ್ಬರ್ ಕಾರ್ಡಿನ ಮೇಲೆ ನಿಂತಿತು. ಅವಳು ಉಜ್ಜಲು ನೋಡಿದಳು, ಬೆರಳು ಕೇಳಲಿಲ್ಲ.

"ಸಾಕು ಬಿಡಮ್ಮ." ಮರುಳಸಿದ್ದಯ್ಯ ಭೂತಗನ್ನಡಿ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಉಳಿದದ್ದು ಹಾಗೇ ಇರ್ಲಿ. ಬರೆದವರು ಯಾರು, ಯಾರಿಗೆ ಬರೆದ್ರು ಅಂತ ಗೊತ್ತಾದ ಮೇಲೆ ಅದು ಗೀಚಿದ್ದಲ್ಲ. ಪೂರ್ತಿ ಬೆಲೇನೇ ಕೊಡ್ತೀನಿ. ನಾನಿರೋ ತನಕ ಇದರ ಮೇಲೆ ರಬ್ಬರ್ ತಾಗಲ್ಲ."

ಅವರು ಆಲ್ಬಮನ್ನು ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡರು. ಗಿರಿಜೆ ಬಸ್‌ಸ್ಟಾಂಡಿನ ತನಕ ಹೋಗಿ ಕಳಿಸಿಬಂದಳು. ಬಂದವಳು ಅಟ್ಟದ ಏಣಿಯ ಕೆಳಗೆ, ಅಪ್ಪ ರೇಡಿಯೊ ಕೇಳುತ್ತಿದ್ದ ಜಾಗದಲ್ಲಿ ಕೂತು ಮನಸಾರೆ ಅತ್ತಳು. ಬಸವರಾಜಪ್ಪ ಬಂದು ಪಕ್ಕದಲ್ಲಿ ಕೂತ.

"ಮೊದ್ಲೇ ನಂಗೆ ತಿಳೀಬೇಕಿತ್ತು ಕಣೇ," ಎಂದ. "ಟ್ರಂಕು ನಾನು ತರ್ತೀನಿ. ತಿಪಟೂರಲ್ಲಿ ಒಳ್ಳೇವು ಸಿಕ್ತವೆ."

ಜುಲೈನ ಒಂದು ಬೆಳಿಗ್ಗೆ ತಿಪಟೂರು ರೈಲ್ವೆ ಸ್ಟೇಷನ್ನಿನಲ್ಲಿ ಆ ಹೊಸ ಟ್ರಂಕನ್ನು ಬಸವರಾಜಪ್ಪನೇ ಹೊತ್ತು ತಂದ. ಅರಸೀಕೆರೆಗೆ ಹೋಗಿ ಅಲ್ಲಿಂದ ಮೈಸೂರಿನ ಗಾಡಿ. ಅಣ್ಣ ಜೊತೆಗೆ ಹೋಗಿ ಬಿಟ್ಟುಬರುವವನಿದ್ದ. ಪ್ಲಾಟ್‌ಫಾರಮ್ಮಿನ ತುಂಬ ಕೊಬ್ಬರಿ ಮೂಟೆಗಳ ಸಿಹಿ ಎಣ್ಣೆಯ ವಾಸನೆ.

ತೋಂಟದಾರ್ಯ ಅರ್ಧ ದಿನ ರಜೆ ಹಾಕಿ ಬಂದಿದ್ದ. ಮೂಟೆಗಳ ಪಕ್ಕದಲ್ಲಿ ನಿಂತಿದ್ದ. ದ್ರಾಕ್ಷಾಯಣಮ್ಮ ಅವನನ್ನೂ ಮಗಳನ್ನೂ ನೋಡಿ, "ಬಸವರಾಜು, ಬಾರಪ್ಪ, ಕುಡಿಯೋ ನೀರು ಹಿಡ್ಕೊಂಬರಾನ" ಎಂದು ಮಗನನ್ನು ಎಳೆದುಕೊಂಡು ನಲ್ಲಿಯ ಕಡೆಗೆ ಹೋದರು. ನೀರಿನ ಹೂಜಿ ಗಿರಿಜೆಯ ಪಕ್ಕದಲ್ಲೇ ತುಂಬಿಕೊಂಡು ಕೂತಿತ್ತು.

ಗಾಡಿ ಬಂತು. ಗಿರಿಜೆ ಹತ್ತಿ ಕಿಟಕಿಯ ಪಕ್ಕ ಕೂತಳು.

"ಈಗ ಹೇಳಿ," ಎಂದಳು ಸರಳಿನ ಹಿಂದಿನಿಂದ.

"ಏನು?"

"ಅವತ್ತು ನಾನು ಹೇಳ್ಬೇಡಿ ಅಂದಿದ್ದು. ಈಗ ಹತ್ತಿ ಕೂತಾಯ್ತು. ನೀವು ಏನು ಹೇಳಿದ್ರೂ ನಾನು ಇಳಿಯಲ್ಲ."

ಅವನು ಕಿಟಕಿಯ ಹತ್ತಿರ ಬಂದ. ಹಿಂದಿನ ರಾತ್ರಿ ಏನೇನೋ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಆ ಕಾರ್ಡುಗಳನ್ನ ನಾನು ಸರಿಯಾಗಿ ನೋಡ್ಲೇ ಇಲ್ಲ ಗಿರಿಜಾ ಅವರೇ. ಯಾವ ಭಾನುವಾರವೂ ನೋಡ್ಲಿಲ್ಲ. ನಿಮ್ಮನ್ನೇ ನೋಡ್ತಿದ್ದೆ. ನೀವು ಓದಿ ಬನ್ನಿ. ಎಲ್ಲಿ ಕೆಲಸ ಸಿಕ್ಕಿದ್ರೂ ಸರಿ, ನಾನು ಅಲ್ಲಿಗೆ ಟ್ರಾನ್ಸ್‌ಫರ್ ಕೇಳ್ತೀನಿ. ನನ್ನನ್ನ ಮದ್ವೆ ಆಗ್ತೀರಾ?"

ಗಾರ್ಡು ಸೀಟಿ ಊದಿದ. ಬಸವರಾಜಪ್ಪ ಓಡಿಬಂದು ಹತ್ತಿಕೊಂಡ. ಗಾಡಿ ಒಮ್ಮೆ ಜಗ್ಗಿ, ಮೆಲ್ಲಗೆ ಕದಲಿತು. ಗಿರಿಜೆ ಸರಳಿನ ನಡುವಿನಿಂದ ಕೈ ಚಾಚಿ, ಅಷ್ಟು ಜನರ ಎದುರಿಗೆ, ಅವನ ಬೆರಳುಗಳನ್ನು ಹಿಡಿದುಕೊಂಡಳು. ಅವನು ಗಾಡಿಯ ಜೊತೆಗೇ ನಡೆಯತೊಡಗಿದ.

"ಆಗ್ತೀನಿ. ಆದ್ರೆ ಮದ್ವೆ ಆಗೋ ಹುಡುಗಿಗೆ ಯಾರಾದ್ರೂ 'ನೀವು' ಅಂತಾರೇನ್ರೀ?"

"ಮತ್ತೆ?"

"ನೀನು ಅನ್ನಿ. ಬೇಗ ಅನ್ನಿ, ಪ್ಲಾಟ್‌ಫಾರಮ್ ಮುಗೀತದೆ."

ಅವನ ಕಿವಿ ಕೆಂಪಗೆ ಉರಿಯುತ್ತಿತ್ತು. ನಡಿಗೆ ಓಟವಾಯಿತು. ಬೆರಳುಗಳು ಒಂದೊಂದಾಗಿ ಬಿಟ್ಟುಕೊಂಡವು.

"ಹೋಗಿ ಬಾ," ಎಂದು ಕೂಗಿದ. "ಗಿರಿಜಾ, ಹೋಗಿ ಬಾ."